ಒಂದು ಹೋರಿಯ ಬೆಲೆ: ಕಿಪ್ಲಿಂಗರ ಮೌಗ್ಲಿ, ಡಿಸ್ನಿಯ ಮೌಗ್ಲಿ

ರಡ್ಯಾರ್ಡ್ ಕಿಪ್ಲಿಂಗರ ‘ಜಂಗಲ್ ಬುಕ್’ ಪುಸ್ತಕವನ್ನೂ 1967ರ ಡಿಸ್ನಿ ಆನಿಮೇಷನ್ ಚಿತ್ರವನ್ನೂ ಅಕ್ಕಪಕ್ಕ ಇಟ್ಟುಕೊಂಡರೆ ಮೊದಲು ಕೈ ಹೋಗುವುದು ಪಟ್ಟಿಯ ಕಡೆಗೆ. ಹೆಬ್ಬಾವು ಕಾ ಪುಸ್ತಕದಲ್ಲಿ ಆಪ್ತ, ಚಿತ್ರದಲ್ಲಿ ಹೊಂಚುಗಾರ. ಕೋತಿಗಳ ದೊರೆ ಲೂಯಿ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಹುಲಿ ಶೇರ್ ಖಾನ್ ಪುಸ್ತಕದಲ್ಲಿ ಸಾಯುತ್ತಾನೆ, ಚಿತ್ರದಲ್ಲಿ ಬಾಲಕ್ಕೆ ಉರಿಯುವ ಕೊಂಬೆ ಕಟ್ಟಿಸಿಕೊಂಡು ಓಡಿಹೋಗುತ್ತಾನೆ. ಹೀಗೆ ಬರೆಯುತ್ತ ಹೋದರೆ ಎರಡು ಪುಟ ತುಂಬುತ್ತದೆ. ಆದರೆ ಕೊನೆಗೆ ಕೈಗೆ ಸಿಗುವ ತೀರ್ಮಾನ ಒಂದೇ, ಸಿನಿಮಾ ಪುಸ್ತಕದ ಹಾಗಿಲ್ಲ ಎಂಬುದು. ಅದು ಪಟ್ಟಿ ಮಾಡುವ ಮೊದಲೇ ಗೊತ್ತಿದ್ದ ಸಂಗತಿ.

ಇಷ್ಟೆಲ್ಲ ಬದಲಾವಣೆಗಳಲ್ಲಿ ಮೊದಲು ಆದದ್ದು ಯಾವುದು, ಅದರ ಬೆನ್ನಿಗೆ ಬಂದವು ಯಾವುವು ಎಂದು ಕೇಳಿಕೊಂಡರೆ ಹೆಚ್ಚು ಪ್ರಯೋಜನ. ಕಥೆಯೊಳಗೆ ಒಂದು ಆಧಾರವನ್ನು ತೆಗೆದರೆ ಅದರ ಮೇಲೆ ನಿಂತ ನಾಲ್ಕು ಸಂಗತಿಗಳಿಗೆ ಬೇರೆ ಆಸರೆ ಕೊಡಬೇಕಾಗುತ್ತದೆ. ಡಿಸ್ನಿ ಚಿತ್ರ ತೆಗೆದ ಆಧಾರ ಯಾವುದೆಂದು ಹುಡುಕಿದರೆ ಕಾ, ಕರಡಿ ಬಾಲೂ, ಬೆಂಕಿ, ಹುಲಿಯ ಸಾವು, ಕೊನೆಯ ದೃಶ್ಯ ಎಲ್ಲವೂ ಒಂದೇ ಎಳೆಗೆ ಬರುತ್ತವೆ. ಆ ಆಧಾರ ಕಾಡಿನ ಕಾನೂನು. ಇನ್ನೂ ಖಚಿತವಾಗಿ ಹೇಳುವುದಾದರೆ, ತೋಳಗಳು ಸಾಕಿದ ಹುಡುಗ ಮೌಗ್ಲಿಯ ಜೀವಕ್ಕೆ ಕೊಟ್ಟ ಬೆಲೆ.

ಮೊದಲು ಪುಸ್ತಕದ ವಿವರ. ಕಿಪ್ಲಿಂಗ್ 1865ರಲ್ಲಿ ಮುಂಬೈಯಲ್ಲಿ ಹುಟ್ಟಿದವರು. ಲಾಹೋರ್ ಮತ್ತು ಅಲಹಾಬಾದಿನ ಪತ್ರಿಕೆಗಳಲ್ಲಿ ದುಡಿದು 1889ರಲ್ಲಿ ಭಾರತ ಬಿಟ್ಟರು. ಮೌಗ್ಲಿ ಕಥೆಗಳನ್ನು ಬರೆದದ್ದು ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಕುಳಿತು. ಕಥೆ ನಡೆಯುವ ಸಿವನಿ ಬೆಟ್ಟಗಳು ಈಗಿನ ಮಧ್ಯಪ್ರದೇಶದಲ್ಲಿವೆ. ಕಿಪ್ಲಿಂಗ್ ಆ ಕಾಡನ್ನು ಕಣ್ಣಾರೆ ಕಂಡವರಲ್ಲ. ಸಾತ್ಪುಡಾ ಸೀಮೆಯ ಬೇಟೆ ಮತ್ತು ಬಿಡಾರದ ಬದುಕಿನ ಬಗ್ಗೆ ಸ್ಟರ್ನ್‌ಡೇಲ್ ಎಂಬ ಅಧಿಕಾರಿ ಬರೆದದ್ದನ್ನು ಓದಿಕೊಂಡು ಕಟ್ಟಿದ ಕಾಡು ಅದು. ಮೊದಲ ಸಂಪುಟ 1894ರಲ್ಲಿ ಬಂತು, ಎರಡನೆಯದು 1895ರಲ್ಲಿ. ಮೊದಲನೆಯದರ ಏಳು ಕಥೆಗಳಲ್ಲಿ ಮೌಗ್ಲಿಯವು ಮೂರು, ಎರಡನೆಯದರ ಎಂಟರಲ್ಲಿ ಐದು. ಅಂದರೆ ಮೌಗ್ಲಿ ಇರುವುದು ಎಂಟು ಬಿಡಿ ಕಥೆಗಳಲ್ಲಿ. ಅವು ಕಾಲಕ್ರಮದಲ್ಲೂ ಇಲ್ಲ, ಎರಡನೆಯ ಕಥೆ ಮೊದಲನೆಯದರ ನಡುವೆ ಬಿಟ್ಟುಹೋದ ವರ್ಷಗಳಿಗೆ ಹಿಂತಿರುಗುತ್ತದೆ. ಮೌಗ್ಲಿ ಹುಲಿಯೊಡನೆ ಹೋರಾಡಿ ಹಳ್ಳಿಗೆ ಹೋದ ಎಂದು ಒಂದೇ ಉಸಿರಿನಲ್ಲಿ ಹೇಳುವ ಕಥೆ ಪುಸ್ತಕದಲ್ಲಿಲ್ಲ. ಆ ನೇರ ದಾರಿ ಸಿನಿಮಾ ಹಾಕಿದ್ದು.

ಶಿಲೆಯ ಮೇಲಿನ ಸಭೆ

ಮೊದಲ ಕಥೆಯ ಸಭೆಯನ್ನು ನಿಧಾನವಾಗಿ ಓದಬೇಕು. ಹುಣ್ಣಿಮೆಯ ರಾತ್ರಿ, ತೋಳಗಳ ಹಿಂಡು ಸಭಾಶಿಲೆಯ ಬಳಿ ಸೇರಿದೆ. ಮರಿಗಳನ್ನು ಎಲ್ಲರ ಮುಂದೆ ತಂದು ತೋರಿಸುವುದು ರೂಢಿ. ಮೇಲೆ ಕುಳಿತ ನಾಯಕ ಅಕೇಲ ‘ಚೆನ್ನಾಗಿ ನೋಡಿ’ ಎಂದು ಕೂಗುತ್ತಾನೆ. ಮನುಷ್ಯನ ಮಗು ಬಂದಾಗ ಶೇರ್ ಖಾನ್ ಹಿಂದಿನಿಂದ ಅದು ತನ್ನ ಬೇಟೆ, ತನಗೆ ಕೊಡಿ ಎನ್ನುತ್ತಾನೆ. ಇಲ್ಲಿ ಹುಲಿ ಆಡುವುದು ಹಕ್ಕಿನ ಮಾತು. ತಾನು ಅಟ್ಟಿಸಿಕೊಂಡು ಬಂದ ಪ್ರಾಣಿ ತನ್ನದು ಎಂಬುದು ಅವನ ವಾದ.

ಕಾನೂನು ಹೇಳುವುದು ಇಷ್ಟು: ಮರಿಯನ್ನು ಸೇರಿಸಿಕೊಳ್ಳುವ ಬಗ್ಗೆ ತಕರಾರು ಬಂದರೆ, ತಂದೆ ತಾಯಿಯನ್ನು ಬಿಟ್ಟು ಇಬ್ಬರಾದರೂ ಅದರ ಪರ ಮಾತಾಡಬೇಕು. ತೋಳಗಳಲ್ಲಿ ಯಾರೂ ಏಳುವುದಿಲ್ಲ. ಮರಿಗಳಿಗೆ ಪಾಠ ಹೇಳುವ ಕರಡಿ ಬಾಲೂಗೆ ಮಾತ್ರ ಹೊರಗಿನವನಾದರೂ ಸಭೆಯಲ್ಲಿ ಮಾತಿನ ಹಕ್ಕಿದೆ, ಅವನು ಒಂದು ಮಾತು ಕೊಡುತ್ತಾನೆ. ಇನ್ನೊಂದು ಬೇಕು. ಆಗ ಕರಿಚಿರತೆ ಬಘೀರ ಸಭೆಯ ನಡುವೆ ಇಳಿದು ಬರುತ್ತಾನೆ. ತನಗೆ ಇಲ್ಲಿ ಮಾತಾಡುವ ಹಕ್ಕಿಲ್ಲ ಎಂದು ಮೊದಲೇ ಒಪ್ಪಿಕೊಂಡು ಕಾನೂನಿನ ಇನ್ನೊಂದು ವಿಧಿಯನ್ನು ನೆನಪಿಸುತ್ತಾನೆ. ಕೊಲ್ಲುವ ವಿಷಯವಲ್ಲದ ತಕರಾರಿನಲ್ಲಿ ಮರಿಯ ಜೀವವನ್ನು ಬೆಲೆ ಕೊಟ್ಟು ಕೊಳ್ಳಬಹುದು. ಯಾರು ಕೊಡಬಹುದು, ಯಾರು ಕೊಡಬಾರದು ಎಂದು ಕಾನೂನು ಹೇಳಿಲ್ಲ. ಆಗತಾನೆ ಕೊಂದ ಕೊಬ್ಬಿದ ಹೋರಿಯೊಂದು ಅರ್ಧ ಮೈಲಿಯೊಳಗೆ ಬಿದ್ದಿದೆ, ತೆಗೆದುಕೊಳ್ಳಿ ಎನ್ನುತ್ತಾನೆ. ಹಸಿದ ತೋಳಗಳು ಒಪ್ಪುತ್ತವೆ. ಬಾಲೂವಿನ ಮಾತು, ಬಘೀರನ ಹೋರಿ, ಈ ಎರಡರ ಮೇಲೆ ಮೌಗ್ಲಿ ಹಿಂಡಿಗೆ ಸೇರುತ್ತಾನೆ.

ಮಕ್ಕಳ ಕಥೆಯೊಂದರಲ್ಲಿ ಇಷ್ಟು ಬಿಗಿಯಾದ ವ್ಯವಹಾರ ಅಪರೂಪ. ಇಲ್ಲಿ ಕರುಣೆ ಇಲ್ಲವೆಂದಲ್ಲ. ತಾಯಿ ತೋಳ ರಕ್ಷಾ ಗುಹೆಯ ಬಾಗಿಲಲ್ಲಿ ಹುಲಿಯ ಎದುರು ನಿಂತು ಗುಡುಗುವ ಪುಟ ಇಡೀ ಪುಸ್ತಕದಲ್ಲೇ ಅತ್ಯಂತ ಬಿಸಿಯಾದದ್ದು. ಆದರೆ ಕಾಡಿನಲ್ಲಿ ಉಳಿಯಲು ತಾಯಿಯ ಪ್ರೀತಿ ಸಾಲದು, ಸಭೆಯ ಮುಂದೆ ನಿಲ್ಲುವ ಆಧಾರ ಬೇಕು. ಹತ್ತು ಹನ್ನೊಂದು ವರ್ಷಗಳ ನಂತರ ಅಕೇಲನಿಗೆ ವಯಸ್ಸಾದಾಗ ಇದರ ಪರಿಣಾಮ ಕಾಣುತ್ತದೆ. ಶೇರ್ ಖಾನ್ ಎಳೆಯ ತೋಳಗಳನ್ನು ಒಲಿಸಿಕೊಂಡಿದ್ದಾನೆ. ಬಘೀರ ಹಳೆಯ ಹೋರಿಯ ಮಾತೆತ್ತಿದರೆ, ಹತ್ತು ವರ್ಷದ ಹಿಂದಿನ ಮೂಳೆಗಳಿಗೆ ಈಗೇನು ಬೆಲೆ ಎಂದು ಅವು ಕೇಳುತ್ತವೆ. ಕಥೆಯ ದುರಂತ ಅದೇ. ಹಿಂಡು ಕೊಟ್ಟ ಮಾತನ್ನು ತಿಂದುಹಾಕಿದೆ.

ಚಿತ್ರದಲ್ಲೂ ತೋಳಗಳ ಸಭೆ ಇದೆ. ಬಿರುಗಾಳಿಯಂತೆ ಬಂದು ಮುಗಿಯುತ್ತದೆ. ಶೇರ್ ಖಾನ್ ಕಾಡಿಗೆ ಮರಳಿದ್ದಾನೆ, ಹುಡುಗ ಇದ್ದರೆ ಎಲ್ಲರಿಗೂ ಅಪಾಯ, ಆದ್ದರಿಂದ ಅವನನ್ನು ಮನುಷ್ಯರ ಹಳ್ಳಿಗೆ ಕಳಿಸಬೇಕು. ಬಘೀರ ಕರೆದೊಯ್ಯಲು ಒಪ್ಪುತ್ತಾನೆ. ಹೋರಿ ಇಲ್ಲ, ಸಾಕ್ಷಿಗಳಿಲ್ಲ, ಹಿಂಡಿಗೆ ಸೇರಿಸಿದ ವಿಧಿಯೂ ಇಲ್ಲ. ಮಗು ಒಡೆದ ದೋಣಿಯೊಂದರಲ್ಲಿ ಸಿಕ್ಕಿತು, ತೋಳ ಸಂಸಾರ ಸಾಕಿತು, ಅಷ್ಟೇ. ಈ ಮೌಗ್ಲಿ ಯಾರ ಋಣದಲ್ಲೂ ಇಲ್ಲ. ಹಾಗಾಗಿ ಅವನಿಗೆ ಕಾಡಿನಲ್ಲಿ ಉಳಿಯುವ ಹಕ್ಕೂ ಇಲ್ಲ, ಆಸೆ ಮಾತ್ರ ಇದೆ. ಪುಸ್ತಕದ ಹುಡುಗ ತನ್ನ ಹಕ್ಕು ಮುರಿದವರ ಮೇಲೆ ಸಿಟ್ಟಾಗುತ್ತಾನೆ, ಚಿತ್ರದ ಹುಡುಗ ಹೋಗುವುದಿಲ್ಲ ಎಂದು ಹಟ ಹಿಡಿಯುತ್ತಾನೆ. ಇಬ್ಬರ ಸ್ವಭಾವದ ವ್ಯತ್ಯಾಸ ಇಲ್ಲಿಂದಲೇ ಶುರು.

ಇದು ಅಕಸ್ಮಾತ್ ಆದದ್ದಲ್ಲ. ಮೊದಲು ಕಥೆ ಬರೆದ ಬಿಲ್ ಪೀಟ್ ಅವರ ರೂಪದಲ್ಲಿ ಪುಸ್ತಕದ ಕತ್ತಲು ಹೆಚ್ಚು ಉಳಿದಿತ್ತು. ಹಳ್ಳಿಯ ಭಾಗವೂ ಬೇಟೆಗಾರ ಬಲದೇವನೂ ಅದರಲ್ಲಿದ್ದರು. ವಾಲ್ಟ್ ಡಿಸ್ನಿಗೆ ಅದು ತೀರಾ ಭಾರವೆನಿಸಿತು. 1964ರಲ್ಲಿ ಪೀಟ್ ಸ್ಟುಡಿಯೋ ಬಿಟ್ಟರು. ಟೆರ್ರಿ ಗಿಲ್ಕೈಸನ್ ಬರೆದ ಹಾಡುಗಳೂ ಹೋದವು, ಬಾಲೂವಿನ ಪ್ರಸಿದ್ಧ ಹಾಡೊಂದು ಮಾತ್ರ ಉಳಿಯಿತು, ಮಿಕ್ಕವನ್ನು ಶರ್ಮನ್ ಸೋದರರು ಹೊಸದಾಗಿ ಕಟ್ಟಿದರು. ಹೊಸ ಬರಹಗಾರರಿಗೆ ಡಿಸ್ನಿ ಕೊಟ್ಟ ಮೊದಲ ಸೂಚನೆ ಮೂಲ ಪುಸ್ತಕ ಓದಬೇಡಿ ಎಂಬುದೇ ಆಗಿತ್ತೆಂದು ಜೊತೆಗೆ ಕೆಲಸ ಮಾಡಿದವರು ಹೇಳಿದ್ದಾರೆ. ನಿರ್ದೇಶಕ ವೊಲ್ಫ್‌ಗ್ಯಾಂಗ್ ರೈದರ್‌ಮನ್. ಡಿಸ್ನಿ 1966ರ ಡಿಸೆಂಬರ್ 15ರಂದು ತೀರಿಕೊಂಡರು. 78 ನಿಮಿಷಗಳ ಈ ಚಿತ್ರ ಮರುವರ್ಷ ಅಕ್ಟೋಬರಿನಲ್ಲಿ ತೆರೆ ಕಂಡಿತು.

ಪಾಠ ಹೇಳುವ ಕರಡಿ, ಬೆನ್ನು ಉಜ್ಜುವ ಕರಡಿ

ಕಾನೂನು ಇಲ್ಲದ ಕಾಡಿನಲ್ಲಿ ಕಾನೂನಿನ ಮೇಷ್ಟರಿಗೆ ಏನು ಕೆಲಸ? ಬಾಲೂ ಬದಲಾದದ್ದು ಹೀಗೆ. ಪುಸ್ತಕದ ಬಾಲೂ ವಯಸ್ಸಾದ, ಗಂಭೀರ ಗುರು. ಬೇಟೆಯ ಪ್ರಾಣಿಗಳ, ಹಕ್ಕಿಗಳ, ಹಾವುಗಳ ಭಾಷೆಯಲ್ಲಿ ಹೇಳಬೇಕಾದ ರಕ್ಷಣೆಯ ಮಾತುಗಳನ್ನು ಮೌಗ್ಲಿಗೆ ಬಾಯಿಪಾಠ ಮಾಡಿಸುತ್ತಾನೆ. ತಪ್ಪಿದರೆ ತಟ್ಟುತ್ತಾನೆ. ಇಷ್ಟು ಚಿಕ್ಕವನಿಗೆ ಏಟೇ ಎಂದು ಬಘೀರ ಕೇಳಿದರೆ, ತಿಳಿಯದೆ ಸಾಯುವುದಕ್ಕಿಂತ ಪ್ರೀತಿಸುವವನಿಂದ ಮೈ ಕಂದುವುದು ಮೇಲು ಎಂಬರ್ಥದ ಉತ್ತರ ಕೊಡುತ್ತಾನೆ. ಈ ಪಾಠ ಮುಂದಿನ ಕೆಲವೇ ಪುಟಗಳಲ್ಲಿ ಉಪಯೋಗಕ್ಕೆ ಬರುತ್ತದೆ. ಕೋತಿಗಳು ಹೊತ್ತೊಯ್ಯುವಾಗ ಮೌಗ್ಲಿ ಮೇಲೆ ಹಾರುತ್ತಿದ್ದ ಹದ್ದಿಗೆ ಹಕ್ಕಿಗಳ ಮಾತಿನಲ್ಲಿ ಕೂಗಿ ತನ್ನ ದಾರಿ ಗುರುತಿಸುವಂತೆ ಕೇಳಿಕೊಳ್ಳುತ್ತಾನೆ. ಹಾಳುಬಿದ್ದ ಮಂಟಪದಲ್ಲಿ ನಾಗರಗಳ ನಡುವೆ ಬಿದ್ದಾಗ ಹಾವಿನ ಮಾತು ಜೀವ ಉಳಿಸುತ್ತದೆ. ಕಲಿತದ್ದು ಕಲಿತ ಜಾಗದಲ್ಲೇ ಫಲ ಕೊಡುವ ಕಥನ ಇದು.

ಚಿತ್ರದ ಬಾಲೂ ಬೇಕಾದಷ್ಟು ಇದ್ದರೆ ಸಾಕು, ಚಿಂತೆ ಬಿಡು ಎನ್ನುವವನು. ಮೊದಲು ಅವನದು ಸಣ್ಣ ಪಾತ್ರ. ಫಿಲ್ ಹ್ಯಾರಿಸ್ ಕಂಠ ಕೊಡಲು ಬಂದ ಮೇಲೆ, ಅವರ ಸಲೀಸಾದ ಮಾತಿನ ಧಾಟಿ ಕೇಳಿ ಪಾತ್ರವನ್ನು ಬೆಳೆಸಲಾಯಿತು. ಪುಸ್ತಕವನ್ನು ಬಲ್ಲವರು ಈ ಬಾಲೂವನ್ನು ಕಂಡು ಮುಖ ಸಿಂಡರಿಸುವುದುಂಟು. ನನಗೆ ಅದು ಅನ್ಯಾಯವೆನಿಸುತ್ತದೆ. ಅವನು ಮರದ ಬೊಡ್ಡೆಗೆ ಬೆನ್ನು ಉಜ್ಜುವುದನ್ನು ಗಮನಿಸಿ. ಮೊದಲು ಭುಜ ಆನಿಸುತ್ತಾನೆ, ಆಮೇಲೆ ಸೊಂಟ ಬಗ್ಗಿಸುತ್ತಾನೆ, ಹಿಂಗಾಲಿನ ಮೇಲೆ ಇಡೀ ತೂಕ ಬಿಟ್ಟು ಮೇಲೆ ಕೆಳಗೆ ಜಾರುತ್ತಾನೆ, ಹೊಟ್ಟೆ ಅರ್ಧ ಕ್ಷಣ ತಡವಾಗಿ ಹಿಂಬಾಲಿಸುತ್ತದೆ. ಕರಡಿಗಳು ನಿಜಕ್ಕೂ ಹೀಗೆ ಮರಕ್ಕೆ ಮೈ ಉಜ್ಜುತ್ತವೆ. ಆ ನಿಜವನ್ನು ಕುಣಿತವಾಗಿ ಬೆಳೆಸಿದ್ದಾರೆ. ತೂಕ ಮೊದಲು, ತಮಾಷೆ ಆಮೇಲೆ ಎಂಬ ಈ ಕ್ರಮ ತಪ್ಪಿದರೆ ಬರೆದ ಪ್ರಾಣಿ ಬಲೂನಿನಂತೆ ತೇಲುತ್ತದೆ. ಫ್ರ್ಯಾಂಕ್ ಥಾಮಸ್, ಆಲಿ ಜಾನ್‌ಸ್ಟನ್ ತರಹದ ಕಲಾವಿದರ ಕೈ ಇಲ್ಲಿ ಗೊತ್ತಾಗುತ್ತದೆ. ಮೌಗ್ಲಿಯನ್ನು ಹಳ್ಳಿಗೆ ಕಳಿಸಲೇಬೇಕು ಎಂದು ಬಾಲೂ ಅವನಿಗೆ ಹೇಳಬೇಕಾದ ದೃಶ್ಯದಲ್ಲಂತೂ ಮಾತು ತಡವರಿಸುವಾಗ ಭುಜ, ಕಣ್ಣು, ಕೈ ಮೂರೂ ಬೇರೆ ಬೇರೆ ಕಡೆ ಓಡುತ್ತವೆ. ಚಿತ್ರದ ಅತ್ಯುತ್ತಮ ನಟನೆ ಅದು.

ಗೆರೆಗಳ ಬಗ್ಗೆ ಒಂದು ಮಾತು. ಈ ಚಿತ್ರದ ಪ್ರಾಣಿಗಳ ಅಂಚು ಸ್ವಲ್ಪ ಒರಟು, ಕೆಲವೆಡೆ ಎರಡೆರಡು ಗೆರೆ ಕಾಣುತ್ತವೆ. ಮೊದಲೆಲ್ಲ ಆನಿಮೇಟರ್ ಪೆನ್ಸಿಲಿನಲ್ಲಿ ಬರೆದದ್ದನ್ನು ಬೇರೆಯವರು ಪಾರದರ್ಶಕ ಹಾಳೆಯ ಮೇಲೆ ಶಾಯಿಯಲ್ಲಿ ತಿದ್ದುತ್ತಿದ್ದರು. 1961ರ ಚುಕ್ಕೆನಾಯಿಗಳ ಚಿತ್ರ ‘101 ಡಾಲ್ಮೇಷಿಯನ್ಸ್’ ಹೊತ್ತಿಗೆ ಡಿಸ್ನಿ ಸ್ಟುಡಿಯೋ ಝೆರಾಗ್ರಫಿಗೆ ಬಂದಿತ್ತು. ಪೆನ್ಸಿಲ್ ಗೆರೆಯೇ ಯಂತ್ರದ ಮೂಲಕ ನೇರ ಹಾಳೆಗೆ ಇಳಿಯುತ್ತದೆ. ಖರ್ಚು ಉಳಿಯಿತು, ಗೆರೆಯ ನಯ ಹೋಯಿತು, ಆದರೆ ಕಲಾವಿದನ ಕೈಯ ಬಿರುಸು ಹಾಗೇ ಉಳಿಯಿತು. ಮಿಲ್ಟ್ ಕಾಲ್ ಬರೆದ ಶೇರ್ ಖಾನನ ದವಡೆ, ಹೆಗಲ ಮೂಳೆಗಳ ಚೂಪು ಶಾಯಿಯ ನಯಗೆರೆಯಲ್ಲಿ ಹೀಗೆ ಬರುತ್ತಿರಲಿಲ್ಲ. ಉಳಿತಾಯದ ಇನ್ನೊಂದು ಗುರುತು ಚಲನೆಯ ಮರುಬಳಕೆ. ಬಾಲೂ, ಲೂಯಿಯರ ಕುಣಿತದ ಚಲನೆಗಳು 1973ರ ರಾಬಿನ್ ಹುಡ್ ಚಿತ್ರದಲ್ಲಿ ಬೇರೆ ಪ್ರಾಣಿಗಳ ಮೈ ತೊಟ್ಟು ಮತ್ತೆ ಬಂದಿವೆ.

ಬೆಳದಿಂಗಳಲ್ಲಿ ಕಾ

ಎರಡು ಕೃತಿಗಳನ್ನು ಹೋಲಿಸಲು ಒಂದೇ ದೃಶ್ಯ ಆರಿಸಿ ಎಂದರೆ ನಾನು ಹಾಳು ನಗರದ ದೃಶ್ಯ ಕೊಡುತ್ತೇನೆ. ಪುಸ್ತಕದಲ್ಲಿ ಕಾ ಸುಮಾರು ಮೂವತ್ತು ಅಡಿಯ ಹೆಬ್ಬಾವು. ಕೋತಿಗಳು ಮೌಗ್ಲಿಯನ್ನು ಎತ್ತಿಕೊಂಡು ಹೋದಾಗ ಬಾಲೂ, ಬಘೀರ ಇಬ್ಬರೂ ಕಾನ ಬಳಿ ಸಹಾಯಕ್ಕೆ ಬರುತ್ತಾರೆ. ಕೋತಿಗಳು ನಿನ್ನನ್ನು ಕಾಲಿಲ್ಲದ ಹಳದಿ ಎರೆಹುಳು ಎಂದು ಕರೆದವು ಎಂದು ಕಿವಿಗೆ ಹಾಕಿ ಅವನನ್ನು ಕೆರಳಿಸುತ್ತಾರೆ. ಹಾಳು ನಗರದಲ್ಲಿ ಬಘೀರ ಕೋತಿಗಳ ರಾಶಿಗೆ ಸಿಕ್ಕಿ ನೀರಿನ ತೊಟ್ಟಿಗೆ ಇಳಿದು ಉಸಿರು ಉಳಿಸಿಕೊಳ್ಳುತ್ತಾನೆ. ಕಾ ಗೋಡೆ ದಾಟಿ ಬರುತ್ತಿದ್ದಂತೆ ಕೋತಿಗಳ ಸದ್ದು ಅಡಗುತ್ತದೆ. ಮೌಗ್ಲಿ ಇದ್ದ ಮಂಟಪದ ಗೋಡೆಯನ್ನು ಕಾ ತಲೆಯಿಂದ ಗುದ್ದಿ ಒಡೆಯುತ್ತಾನೆ.

ಆಮೇಲೆ ಬರುವುದು ನೃತ್ಯ. ಚಂದ್ರ ಇಳಿಯುತ್ತಿದ್ದಾನೆ. ಅಂಗಳದ ನಡುವೆ ಕಾ ಸುತ್ತು ಹಾಕುತ್ತಾನೆ, ಎಂಟರ ಆಕಾರ, ತ್ರಿಕೋನ, ಚೌಕ, ಸುರುಳಿಯ ಗುಡ್ಡೆ, ಎಲ್ಲಿಯೂ ನಿಲ್ಲದೆ, ಎಲ್ಲಿಯೂ ಅವಸರವಿಲ್ಲದೆ, ಒಂದು ಸಣ್ಣ ಗುಂಯ್‌ಗುಟ್ಟುವ ಹಾಡಿನೊಂದಿಗೆ. ಕತ್ತಲು ಹೆಚ್ಚುತ್ತದೆ, ಆಕಾರ ಕಾಣುವುದಿಲ್ಲ, ಹುರುಪೆಗಳ ಸರಸರ ಮಾತ್ರ ಕೇಳುತ್ತದೆ. ಒಂದು ಹೆಜ್ಜೆ ಹತ್ತಿರ ಬನ್ನಿ ಎಂದಾಗ ಕೋತಿಗಳ ಸಾಲು ಇಡಿಯಾಗಿ ಒಂದು ಹೆಜ್ಜೆ ಮುಂದೆ ಬರುತ್ತದೆ. ಅವುಗಳ ಜೊತೆ ಬಾಲೂ, ಬಘೀರ ಕೂಡ ಹೆಜ್ಜೆ ಇಡುತ್ತಾರೆ. ಮೌಗ್ಲಿ ಅವರ ಮೈ ಮೇಲೆ ಕೈ ಇಟ್ಟ ಮೇಲೆಯೇ ಅವರಿಗೆ ಎಚ್ಚರ. ಅವನ ಕಣ್ಣಿಗೆ ಕಂಡದ್ದು ಮೂಗು ನೊಂದ ದೊಡ್ಡ ಹಾವೊಂದು ಸುಮ್ಮನೆ ಸುತ್ತುತ್ತಿರುವುದು, ಅಷ್ಟೇ. ಮುಂದೆ ಏನಾಯಿತೆಂದು ಕಿಪ್ಲಿಂಗ್ ಬರೆಯುವುದಿಲ್ಲ. ಮೂವರೂ ಗೋಡೆಯ ಬಿರುಕಿನಿಂದ ಹೊರಗೆ ನುಸುಳುತ್ತಾರೆ. ಜೀವ ಉಳಿಸಿದವನೇ ಅತ್ಯಂತ ಭಯಂಕರ ಎಂಬ ಸತ್ಯವನ್ನು ಮಗುವಿನ ಅರಿವಿಲ್ಲದ ಕಣ್ಣಿನಿಂದ ಹೇಳಿದ್ದಾರೆ. ನನ್ನ ಮಟ್ಟಿಗೆ ಎಂಟು ಕಥೆಗಳಲ್ಲಿ ಇದಕ್ಕಿಂತ ಎತ್ತರದ ಬರಹ ಇಲ್ಲ. ಇಲ್ಲಿಯೂ ಋಣದ ಲೆಕ್ಕ ಇದೆ. ಜೀವ ನಿನ್ನಿಂದ ಪಡೆದೆ, ನನ್ನ ಬೇಟೆ ನಿನ್ನದೂ ಹೌದು ಎಂದು ಮೌಗ್ಲಿ ಕಾನಿಗೆ ಮಾತು ಕೊಡುತ್ತಾನೆ. ತನ್ನಿಂದ ಎಲ್ಲರಿಗೂ ಪೆಟ್ಟಾಯಿತೆಂದು ಬಘೀರನಿಂದ ಏಟನ್ನೂ ತಿನ್ನುತ್ತಾನೆ. ಅಲ್ಲಿಗೆ ತಪ್ಪು ತೀರಿತು, ಮತ್ತೆ ಅದರ ಮಾತಿಲ್ಲ.

ಚಿತ್ರ ಈ ಒಂದು ಕಥೆಯನ್ನು ಎರಡು ತುಂಡು ಮಾಡಿದೆ. ಮರುಳುಗೊಳಿಸುವ ಭಾಗವನ್ನು ಹಾಳು ನಗರದಿಂದ ಬಿಡಿಸಿ ಕಾನಿಗೆ ಕೊಟ್ಟಿತು, ಹಾಳು ನಗರವನ್ನು ಲೂಯಿಗೆ ಕೊಟ್ಟಿತು. ಕಾರಣ ಕಥೆಯ ಆಕಾರ. ಚಿತ್ರ ತೋಳದ ಗುಹೆಯಿಂದ ಹಳ್ಳಿಯವರೆಗಿನ ಒಂದು ಪ್ರಯಾಣ. ಶೇರ್ ಖಾನ್ ತೆರೆಯ ಮೇಲೆ ಬರುವುದೇ ಅರ್ಧ ದಾಟಿದ ಮೇಲೆ. ಅಲ್ಲಿಯವರೆಗೆ ಅಪಾಯ ಒದಗಿಸಲು ಯಾರಾದರೂ ಬೇಕು, ಆ ಜಾಗಕ್ಕೆ ಕಾ ಸಿಕ್ಕ. ಕಣ್ಣುಗಳಲ್ಲಿ ಬಣ್ಣದ ಉಂಗುರಗಳು ಹರಡುತ್ತವೆ, ಮರುಳಾಗುವವನು ಸ್ವತಃ ಮೌಗ್ಲಿ. ಪುಸ್ತಕದಲ್ಲಿ ಮನುಷ್ಯನ ಮಗುವನ್ನು ಕಾಡಿನಿಂದ ಬೇರೆ ಮಾಡುವ ಶಕ್ತಿ ಯಾವುದೋ ಅದನ್ನೇ ಚಿತ್ರ ತಲೆಕೆಳಗು ಮಾಡಿದೆ. ಬಘೀರನೂ ಕಣ್ಣಿಟ್ಟು ನೋಡಲಾರದ ಹುಡುಗ ಪುಸ್ತಕದವನು, ಹಾವನ್ನು ನೋಡಿ ಸೋಲುವ ಹುಡುಗ ಚಿತ್ರದವನು. ನೈಜತೆಯ ವಿಷಯಕ್ಕೆ ಬಂದರೆ ಇಬ್ಬರದೂ ಕಲ್ಪನೆ. ಹಾವು ಯಾರನ್ನೂ ಮರುಳು ಮಾಡುವುದಿಲ್ಲ, ಅದಕ್ಕೆ ರೆಪ್ಪೆಯೂ ಇಲ್ಲ. ಚಿತ್ರದ ಕಾನಿಗೆ ರೆಪ್ಪೆ ಇದೆ, ಏಕೆಂದರೆ ರೆಪ್ಪೆಯಿಲ್ಲದ ಕಣ್ಣಿನಿಂದ ಮುಖಭಾವ ತರುವುದು ಕಷ್ಟ.

ಲೂಯಿ ಒರಾಂಗುಟಾನ್. ಅದು ಸುಮಾತ್ರಾ, ಬೋರ್ನಿಯೊ ದ್ವೀಪಗಳ ಪ್ರಾಣಿ, ಭಾರತದ ಕಾಡಿನದಲ್ಲ. ಕಿಪ್ಲಿಂಗರ ಕೋತಿಗಳಿಗೆ ದೊರೆಯೇ ಇಲ್ಲ. ನಾಯಕನೂ ಕಾನೂನೂ ನೆನಪೂ ಇಲ್ಲದ ಜನ ಎಂಬುದೇ ಅವುಗಳ ಮೇಲಿನ ಆಪಾದನೆ. ಕಾನೂನಿಲ್ಲದ ಚಿತ್ರದಲ್ಲಿ ಆ ಆಪಾದನೆಗೆ ಅರ್ಥವಿಲ್ಲ, ಆದ್ದರಿಂದ ಅವಕ್ಕೆ ದೊರೆ ಬಂದ, ಬೆಂಕಿಯ ಆಸೆ ಬಂತು. ಲೂಯಿ ಪ್ರೀಮಾ ಹಾಡಿದ ಆ ಜಾಝ್ ಹಾಡು ಎಷ್ಟು ಲವಲವಿಕೆಯದೋ ಅಷ್ಟೇ ಚರ್ಚೆಗೂ ಒಳಗಾಗಿದೆ, ಮನುಷ್ಯನಾಗಲು ಹಂಬಲಿಸುವ ಕೋತಿಯ ಬಾಯಲ್ಲಿ ಕಪ್ಪು ಅಮೆರಿಕನ್ನರ ಸಂಗೀತ ಇಟ್ಟದ್ದು ಸರಿಯೇ ಎಂದು. ಆ ಪ್ರಶ್ನೆ ನ್ಯಾಯವಾದದ್ದು. ಕೋತಿಗಳ ಬಗ್ಗೆ ಕಿಪ್ಲಿಂಗ್ ಬಳಸಿದ ತಿರಸ್ಕಾರದ ಧಾಟಿಯ ಹಿಂದೆಯೂ ಆಳುವವನ ನೋಟ ಇದೆ ಎಂದು ವಿಮರ್ಶಕರು ಓದಿದ್ದಾರೆ, ಅದೂ ನ್ಯಾಯವೇ.

ಆನೆ ಹಾಥಿಯ ವಿಷಯ ಬೇಗ ಮುಗಿಸಬಹುದು. ಪುಸ್ತಕದಲ್ಲಿ ಅವನು ಕಾಡಿನ ಹಿರಿಯ. ಬರಗಾಲದಲ್ಲಿ ನೀರಿನ ಒಪ್ಪಂದ ಸಾರುವವನು, ಭಯ ಕಾಡಿಗೆ ಬಂದ ಕಥೆ ಹೇಳುವವನು, ಮುಂದೆ ಮೂವರು ಗಂಡುಮಕ್ಕಳೊಡನೆ ಒಂದು ಹಳ್ಳಿಯನ್ನೇ ಅಳಿಸಿಹಾಕುವವನು. ಚಿತ್ರದಲ್ಲಿ ಬ್ರಿಟಿಷ್ ಕರ್ನಲ್ ಆಗಿ ಕವಾಯತು ಮಾಡಿಸುತ್ತಾನೆ. ಕಾನೂನು ಹೋದ ಮೇಲೆ ಹಿರಿಯನಿಗೆ ಉಳಿದದ್ದು ಸಮವಸ್ತ್ರದ ಗತ್ತು ಮಾತ್ರ.

ಹುಲಿಯ ಸಾವು, ಹುಡುಗನ ಬೀಳ್ಕೊಡುಗೆ

ಪುಸ್ತಕದ ಶೇರ್ ಖಾನ್ ಹುಟ್ಟು ಕುಂಟ. ದನ ಹಿಡಿದು ಬದುಕುವವನು, ಆ ಕಾರಣಕ್ಕೇ ಹಳ್ಳಿಗರ ಸಿಟ್ಟನ್ನು ಕಾಡಿನ ಮೇಲೆ ತರುವವನು. ಚಿತ್ರದವನು ಜಾರ್ಜ್ ಸ್ಯಾಂಡರ್ಸ್ ಕಂಠದ, ಸಭ್ಯ ಮಾತಿನ, ಆತುರವಿಲ್ಲದ ಬಲಶಾಲಿ. ಖಳನಾಗಿ ಚಿತ್ರದವನೇ ಹೆಚ್ಚು ನೆನಪಿನಲ್ಲಿ ಉಳಿಯುತ್ತಾನೆ ಎಂಬುದನ್ನು ಒಪ್ಪಬೇಕು. ಅವನಿಗೆ ಕೊಟ್ಟ ಕೊನೆ ಮಾತ್ರ ಅವನಿಗೆ ತಕ್ಕದ್ದಲ್ಲ. ಸಿಡಿಲು ಬಡಿದ ಮರ, ಉರಿಯುವ ಕೊಂಬೆ, ಬಾಲಕ್ಕೆ ಗಂಟು. ಬೆಂಕಿ ಮೇಲಿನಿಂದ ಬಿತ್ತು, ಹುಡುಗ ಎತ್ತಿಕೊಂಡ.

ಪುಸ್ತಕದಲ್ಲಿ ಬೆಂಕಿ ಬೀಳುವುದಿಲ್ಲ. ಬಘೀರನ ಸಲಹೆಯಂತೆ ಮೌಗ್ಲಿ ಹಳ್ಳಿಗೆ ಇಳಿದು ಕಿಟಕಿಯಲ್ಲಿ ರಾತ್ರಿಯಿಡೀ ನೋಡಿ, ಬೆಳಗ್ಗೆ ಹುಡುಗನೊಬ್ಬನ ಕೈಯಿಂದ ಕೆಂಡದ ಮಡಕೆ ಕಸಿದು ತರುತ್ತಾನೆ, ದಿನವೆಲ್ಲ ಒಣಕಡ್ಡಿ ಹಾಕಿ ಕಾಪಾಡಿಕೊಳ್ಳುತ್ತಾನೆ. ಅದರಿಂದ ಹುಲಿಯನ್ನು ಸಭೆಯಲ್ಲಿ ಬಡಿದು ಓಡಿಸುತ್ತಾನೆ, ಕೊಲ್ಲುವುದಿಲ್ಲ. ಕೊಲ್ಲುವುದು ಇನ್ನೊಂದು ಕಥೆಯಲ್ಲಿ, ಲೆಕ್ಕ ಹಾಕಿ. ಹಂದಿ ತಿಂದು ನೀರು ಕುಡಿದು ಹೊಟ್ಟೆ ಬಿರಿದ ಹುಲಿ ವೈನ್‌ಗಂಗಾ ನದಿಯ ಒಣ ಕಣಿವೆಯಲ್ಲಿ ಮಲಗಿದೆ ಎಂಬ ಸುದ್ದಿ ಬರುತ್ತದೆ. ಹಳ್ಳಿಯಲ್ಲಿ ಮೌಗ್ಲಿ ಕಾಯುತ್ತಿದ್ದ ಎಮ್ಮೆಗಳ ಹಿಂಡನ್ನು ಅಕೇಲ ಎರಡು ಭಾಗ ಮಾಡುತ್ತಾನೆ. ಎಮ್ಮೆಗಳೂ ಕರುಗಳೂ ಕಣಿವೆಯ ಕೆಳಬಾಯಲ್ಲಿ, ಕೋಣಗಳು ಸುತ್ತು ಬಳಸಿ ಮೇಲ್ಬಾಯಲ್ಲಿ. ಎರಡು ಬದಿಯೂ ಕಡಿದಾದದ್ದು, ತುಂಬಿದ ಹೊಟ್ಟೆಯ ಹುಲಿ ಹತ್ತಲಾರದು. ರಾಮ ಎಂಬ ಕೋಣದ ಬೆನ್ನೇರಿ ಮೌಗ್ಲಿ ಹಿಂಡನ್ನು ಕೆಳಗೆ ನುಗ್ಗಿಸುತ್ತಾನೆ. (ಚಿತ್ರದಲ್ಲಿ ರಾಮ ಎಂಬ ಹೆಸರು ತಂದೆ ತೋಳಕ್ಕೆ ಹೋಗಿದೆ.) ಚರ್ಮ ಸುಲಿಯುವಾಗ ಸರ್ಕಾರ ಕೊಡುವ ನೂರು ರೂಪಾಯಿ ಬಹುಮಾನಕ್ಕಾಗಿ ಬಲದೇವ ಬರುತ್ತಾನೆ, ಆಮೇಲೆ ಹಳ್ಳಿ ಹುಡುಗನನ್ನು ಮಾಟಗಾರನೆಂದು ಕಲ್ಲು ಹೊಡೆದು ಓಡಿಸುತ್ತದೆ. ಹಿಂಡೂ ಇಲ್ಲ, ಹಳ್ಳಿಯೂ ಇಲ್ಲ.

ಅಂಥ ಹುಡುಗನಿಗೆ ಚಿತ್ರದ ಮುಕ್ತಾಯ ಹೊಂದುವುದಿಲ್ಲ. ಅಲ್ಲಿ ಕೊಡ ಹೊತ್ತ ಹುಡುಗಿ ಹಾಡುತ್ತ ಬರುತ್ತಾಳೆ, ಬೇಕೆಂದೇ ಕೊಡ ಉರುಳಿಸುತ್ತಾಳೆ, ಮೌಗ್ಲಿ ಎತ್ತಿಕೊಂಡು ಹಿಂದೆ ಹೋಗುತ್ತಾನೆ. ಇದು ಪೂರ್ತಿ ಸಿನಿಮಾದವರ ಸೃಷ್ಟಿ ಎಂದು ಹಲವರು ತಿಳಿದಿದ್ದಾರೆ. ಅಲ್ಲ, ಬೀಜ ಪುಸ್ತಕದ ಕೊನೆಯ ಕಥೆಯಲ್ಲಿದೆ. ಹದಿನೇಳರ ಹೊಸ್ತಿಲಲ್ಲಿರುವ ಮೌಗ್ಲಿ ಹಳ್ಳಿಯ ದಾರಿಯಲ್ಲಿ ಬಿಳಿ ಬಟ್ಟೆಯ ಹುಡುಗಿಯೊಬ್ಬಳನ್ನು ಕಾಣುತ್ತಾನೆ. ಅವಳು ಹೆದರಿ ಕೂಗುತ್ತಾಳೆ, ಅವನು ಬೆಳೆಯ ನಡುವೆ ಸರಿದು ಅವಳು ಹೋಗುವವರೆಗೂ ನೋಡುತ್ತ ನಿಲ್ಲುತ್ತಾನೆ. ಮೂರು ನಾಲ್ಕು ಸಾಲು ಮಾತ್ರ. ಅವನನ್ನು ಕಾಡಿನಿಂದ ಹೊರಗೆ ಒಯ್ಯುವುದು ಹುಡುಗಿ ಅಲ್ಲ, ವಸಂತದಲ್ಲಿ ಕಾರಣವಿಲ್ಲದೆ ಬಂದ ಸಂಕಟ. ಕರೆದಾಗ ಬರುವವರು ನಾಲ್ವರು ತೋಳ ಸೋದರರು, ಕಣ್ಣು ಮಂಜಾದ ಬಾಲೂ, ಕಾ. ಬಘೀರ ಕೊನೆಗೆ ಬರುತ್ತಾನೆ, ತಡವಾದದ್ದಕ್ಕೆ ಕಾರಣ ಇದೆ. ಅವನು ಒಂದು ಹೋರಿ ಕೊಂದು ಬಂದಿದ್ದಾನೆ. ಅದು ಮೌಗ್ಲಿಯನ್ನು ಬಿಡಿಸುವ ಹೋರಿ, ಇನ್ನು ಯಾವ ಋಣವೂ ಉಳಿದಿಲ್ಲ ಎನ್ನುತ್ತಾನೆ. ಕಾಡಿಗೆ ಸೇರಿಸಿದ ಬೆಲೆಯಂತೆಯೇ ಕಾಡಿನಿಂದ ಬಿಡುಗಡೆಗೂ ಬೆಲೆ, ಎರಡನ್ನೂ ಕೊಟ್ಟವನು ಒಬ್ಬನೇ. ಎಂಟು ಕಥೆಗಳ ಎರಡು ತುದಿ ಹೀಗೆ ಕೂಡುತ್ತವೆ. ಮೊದಲ ಹೋರಿಯನ್ನು ಬಿಟ್ಟ ಚಿತ್ರಕ್ಕೆ ಈ ಎರಡನೆಯದು ದಕ್ಕುವ ಸಾಧ್ಯತೆಯೇ ಇರಲಿಲ್ಲ.

ಹಾಗೆಂದು 1893ರಲ್ಲೇ ಪ್ರಕಟವಾಗಿದ್ದ ಇನ್ನೊಂದು ಕಥೆಯನ್ನು ಮರೆಯಬಾರದು. ಅದರಲ್ಲಿ ದೊಡ್ಡವನಾದ ಮೌಗ್ಲಿ ಬ್ರಿಟಿಷ್ ಸರ್ಕಾರದ ಅರಣ್ಯ ಇಲಾಖೆಯ ಕೆಲಸಕ್ಕೆ ಸೇರುತ್ತಾನೆ. ಕಾಡಿನ ಕಾನೂನನ್ನು ಅಷ್ಟು ಪ್ರೀತಿಯಿಂದ ಕಟ್ಟಿದ ಲೇಖಕ ಅದನ್ನು ಕೊನೆಗೆ ಯಾರ ಕಾನೂನಿನ ಕೆಳಗೆ ಇಟ್ಟರು ಎಂಬುದು ಅಲ್ಲಿ ಸ್ಪಷ್ಟ. ಪುಸ್ತಕವನ್ನು ಹೊಗಳುವಾಗ ಇದನ್ನೂ ಹೇಳಬೇಕು.

ಮಕ್ಕಳೊಡನೆ ಹೋಲಿಸುವ ಬಗೆ

ತರಗತಿಯಲ್ಲೋ ಓದುಗರ ಗುಂಪಿನಲ್ಲೋ ಇದನ್ನು ಮಾಡುವವರಿಗೆ ಕೆಲವು ಸೂಚನೆ. ಪೂರ್ತಿ ಪುಸ್ತಕ, ಪೂರ್ತಿ ಸಿನಿಮಾ ಎಂದು ಹೊರಡಬೇಡಿ. ಕಾನ ಕಥೆ ಒಂದು, ಚಿತ್ರದ ಎರಡು ದೃಶ್ಯ, ಅಷ್ಟು ಸಾಕು. ಓದು ಮೊದಲು ಆಗಬೇಕು, ಗಟ್ಟಿಯಾಗಿ ಓದಬೇಕು. ಸಿನಿಮಾ ಮೊದಲಾದರೆ ಮಕ್ಕಳ ಕಿವಿಯಲ್ಲಿ ಕಾನ ಧ್ವನಿ ಕೂತುಬಿಡುತ್ತದೆ, ಆಮೇಲೆ ಬೆಳದಿಂಗಳ ನೃತ್ಯವನ್ನು ಓದಿದರೂ ನಗು ಬರುತ್ತದೆ. ನೃತ್ಯದ ಭಾಗಕ್ಕೆ ಬಂದಾಗ ಓದುವ ವೇಗ ಇಳಿಸಿ, ಒಂದು ಹೆಜ್ಜೆ ಹತ್ತಿರ ಎಂಬಲ್ಲಿ ನಿಲ್ಲಿಸಿ, ಈಗ ಯಾರು ಯಾರು ಮುಂದೆ ಬಂದರು ಎಂದು ಕೇಳಿ. ಬಾಲೂ, ಬಘೀರರನ್ನು ಗಮನಿಸಿದ ಮಗು ಕಥೆಯ ಒಳಗೆ ಹೋಗಿದೆ ಎಂದರ್ಥ.

ಚಿತ್ರವನ್ನು ಮೊದಲ ಸಲ ಸದ್ದಿಲ್ಲದೆ ತೋರಿಸಿ. ಹಾಡು ಇದ್ದರೆ ಕಣ್ಣು ಸೋಮಾರಿಯಾಗುತ್ತದೆ. ಸದ್ದಿಲ್ಲದಿದ್ದರೆ ಸುರುಳಿಗಳು ಮೌಗ್ಲಿಯನ್ನು ಮೆಟ್ಟಿಲಿನಂತೆ ಇಳಿಸುವುದು, ತೂಗುವುದು, ಬಿಗಿಯುವುದು, ಒಂದೊಂದೂ ಬೇರೆಯಾಗಿ ಕಾಣುತ್ತದೆ. ಎರಡನೆಯ ಸಲ ಸದ್ದಿನೊಡನೆ. ಆಮೇಲೆ ಕೇಳಬೇಕಾದ ಪ್ರಶ್ನೆ ಯಾವುದು ಚೆನ್ನ ಎಂಬುದಲ್ಲ. ಇಲ್ಲಿ ಯಾರು ನಿರ್ಧಾರ ಮಾಡಿದರು, ಯಾರು ಏನು ಕೊಟ್ಟರು, ಯಾರಿಗೆ ಭಯವಾಯಿತು ಎಂದು ಕೇಳಿ. ಚಿಕ್ಕವರಿಗೆ ಹಳ್ಳಿ ನಾಶವಾಗುವ ಕಥೆ ಬೇಡ, ಅದರಲ್ಲಿ ಮೌಗ್ಲಿಯನ್ನು ಸಾಕಿದ ಮೆಸ್ಸುವಾ ಮತ್ತು ಅವಳ ಗಂಡನನ್ನು ಸುಡಲು ಹೊರಡುವ ಜನರಿದ್ದಾರೆ. ಸೀಳುನಾಯಿಗಳ ಯುದ್ಧದ ಕಥೆ ಹತ್ತು ದಾಟಿದವರಿಗೆ ಹಿಡಿಸುತ್ತದೆ. ಮೌಗ್ಲಿ ಅವುಗಳನ್ನು ಕೆಣಕಿ ಹೆಜ್ಜೇನಿನ ಬಂಡೆಗಳವರೆಗೆ ಓಡಿಸಿಕೊಂಡು ಬಂದು ನದಿಗೆ ಹಾರುವ ಭಾಗವನ್ನು ನಕ್ಷೆ ಬರೆದುಕೊಂಡೇ ಓದಬೇಕು, ಇಲ್ಲವಾದರೆ ಯಾರು ಎಲ್ಲಿದ್ದಾರೆಂದು ತಪ್ಪುತ್ತದೆ.

ಬೇರೆ ರೂಪಗಳೂ ಹೋಲಿಕೆಗೆ ಸಿಗುತ್ತವೆ. ಸೋವಿಯತ್ ಸ್ಟುಡಿಯೋ ಸೊಯುಜ್‌ಮುಲ್ತ್‌ಫಿಲ್ಮ್‌ನಲ್ಲಿ ರೋಮನ್ ದವಿದೋವ್ 1967ರಿಂದ 1971ರವರೆಗೆ ಐದು ಕಂತು ಮಾಡಿದರು. ಅದರಲ್ಲಿ ಬಘೀರ ಹೆಣ್ಣು, ಕಾ ವಿವೇಕಿ ಹಿರಿಯ, ಸೀಳುನಾಯಿಗಳ ಯುದ್ಧವೂ ಇದೆ. ಡಿಸ್ನಿ ಚಿತ್ರ ಬಂದ ವರ್ಷವೇ ಅದೂ ಶುರುವಾಯಿತು, ಪುಸ್ತಕದ ಗಾಂಭೀರ್ಯ ಅದರಲ್ಲಿ ಹೆಚ್ಚು ಉಳಿದಿದೆ. 1976ರಲ್ಲಿ ಚಕ್ ಜೋನ್ಸ್ ಮೊದಲ ಕಥೆಯನ್ನು ಮಾತ್ರ ತೆಗೆದುಕೊಂಡು ಟಿವಿಗೆ ಅರ್ಧ ಗಂಟೆಯ ಚಿತ್ರ ಮಾಡಿದರು. ನಮ್ಮಲ್ಲಿ 1990ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ಜಪಾನಿ ಸರಣಿಗೆ 52 ಕಂತುಗಳಿದ್ದವು. ಅಷ್ಟು ಸಮಯ ಸಿಕ್ಕಾಗ ಹಿಂಡಿನ ಬದುಕು ಹೇಗೆ ಹಿಗ್ಗುತ್ತದೆ ಎಂದು ನೋಡಲು ಅದು ಒಳ್ಳೆಯದು. ಡಿಸ್ನಿಯದೇ 2016ರ ಚಿತ್ರದಲ್ಲಿ ತೋಳಗಳು ಕಾನೂನಿನ ಪದ್ಯ ಹೇಳುತ್ತವೆ, ನೀರಿನ ಒಪ್ಪಂದವೂ ಮರಳಿದೆ, ಆದರೆ ಅಲ್ಲಿ ಮೌಗ್ಲಿ ಕಾಡಿನಲ್ಲೇ ಉಳಿಯುತ್ತಾನೆ. ಇವುಗಳಲ್ಲಿ ಯಾವುದನ್ನು ಆರಿಸಿದರೂ ಮೊದಲು ತೋಳಗಳ ಸಭೆಯ ದೃಶ್ಯ ತೆರೆಯಿರಿ. ಮಗುವಿನ ಪರ ಯಾರು ಮಾತಾಡುತ್ತಾರೆ, ಯಾವ ಹಕ್ಕಿನಿಂದ ಮಾತಾಡುತ್ತಾರೆ ಎಂದು ಬರೆದುಕೊಂಡು ಮುಂದೆ ಹೋಗಿ.